ಅಮ್ಮನ ಮನೆಗೆ ರೋಬೋಟ್ ಮಾಡುತ್ತಿದ್ದೇನೆ, ಅದರ ಬುದ್ಧಿ ಮನೆಯೊಳಗೇ ಇರಬೇಕು: ಸಲಹೆ ಕೊಡಿ

ವಿದ್ಯಾನಗರದವ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ದಾವಣಗೆರೆ ವಿದ್ಯಾನಗರದಲ್ಲಿದೆ. ಅಮ್ಮ ಒಬ್ಬರೇ ಇರುತ್ತಾರೆ. ಮಂಡಿ ನೋವು, ಗೋಡೆ ಹಿಡಿದೇ ಓಡಾಡುತ್ತಾರೆ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಅವರಿಗಾಗಿ ಚಕ್ರದ ಮೇಲೆ ಓಡುವ ಒಂದು ರೋಬೋಟ್ ಮಾಡುತ್ತಿದ್ದೇನೆ. ಕೈ ಇಲ್ಲ, ಮುಖ ಇಲ್ಲ. ಸೊಂಟದೆತ್ತರಕ್ಕೆ ಒಂದು ಟ್ರೇ, ಅಷ್ಟೇ. ಕರೆದರೆ ಬರಬೇಕು. ಹೇಳಿದ ಕೋಣೆಗೆ ಹೋಗಬೇಕು. ಹೊತ್ತಿಗೆ ಸರಿಯಾಗಿ ಮಾತ್ರೆ ನೆನಪಿಸಬೇಕು.

ಒಂದು ವಿಷಯದಲ್ಲಿ ಮಾತ್ರ ನನಗೆ ಹಟ ಇದೆ. ಇದರ ಬುದ್ಧಿ ಪೂರ್ತಿ ನಮ್ಮ ಮನೆಯಲ್ಲೇ ಇರಬೇಕು. ಇಂಟರ್ನೆಟ್ ಹೋದರೂ, ಎಲ್ಲೋ ಒಂದು ಕಂಪನಿ ಬಾಗಿಲು ಹಾಕಿದರೂ ಇದು ನಡೆಯುತ್ತಿರಬೇಕು. ಜಿಬೋ ಅಂತ ಒಂದು ಮನೆ ರೋಬೋಟ್ ಇತ್ತು. 2014ರಲ್ಲಿ ಜನರಿಂದ ಮುಂಗಡ ಹಣ ಸೇರಿಸಿ ಶುರು ಮಾಡಿದರು, 2017ರಲ್ಲಿ ಮನೆಗಳಿಗೆ ಬಂತು. 2019ರಲ್ಲಿ ತನ್ನ ಸರ್ವರ್ ಮುಚ್ಚುತ್ತಾರೆ ಅಂತ ಆ ರೋಬೋಟೇ ಮನೆಯವರಿಗೆ ಹೇಳಿತು. 2024ರ ಕೊನೆಯಲ್ಲಿ ಮಕ್ಕಳ ರೋಬೋಟ್ ಮಾಕ್ಸಿಗೂ ಇದೇ ಗತಿ. ಕಂಪನಿಗೆ ದುಡ್ಡು ಹುಟ್ಟಲಿಲ್ಲ, ಸರ್ವರ್ ನಿಲ್ಲುತ್ತದೆ ಅಂದರು. ವಯಸ್ಸಾದವರು ಒಂದು ವಸ್ತುವನ್ನು ನಂಬಿ ದಿನಚರಿ ಕಟ್ಟಿಕೊಂಡ ಮೇಲೆ ಅದು ಹೀಗೆ ಕೈಬಿಡಬಾರದು.

ಈಗ ಇರುವ ಸಾಮಾನು: ರಾಸ್ಪ್‌ಬೆರಿ ಪೈ 5 ಅನ್ನುವ ಪುಟ್ಟ ಕಂಪ್ಯೂಟರ್, ಮೋಟಾರ್ ನೋಡಿಕೊಳ್ಳಲು ಇಎಸ್‌ಪಿ32 ಚಿಪ್, ಸುತ್ತ ತಿರುಗಿ ದೂರ ಅಳೆಯುವ ಲಿಡಾರ್, ಎಷ್ಟು ತಿರುಗಿತು ಅಂತ ಎಣಿಸುವ ಎನ್ಕೋಡರ್ ಇರುವ ಎರಡು ಗೇರ್ ಮೋಟಾರ್, ಮುಂದೆ ಎಲ್ಲ ಕಡೆ ತಿರುಗುವ ಒಂದು ಕ್ಯಾಸ್ಟರ್ ಗಾಲಿ. ರೋಬೋಟ್ ನಡೆಸುವ ಸಾಫ್ಟ್‌ವೇರ್ ರಾಸ್ 2, ದಾರಿ ಹುಡುಕಲು ಅದರದೇ ನ್ಯಾವ್2. ಹಾಲ್‌ನಲ್ಲಿ ಚೆನ್ನಾಗಿ ಓಡುತ್ತಿದೆ. ಅಡುಗೆಮನೆ ಬಾಗಿಲ ಹೊಸ್ತಿಲು ದಾಟುವುದು ಹೇಗೆ, ಅಮ್ಮನ ಮಾತು ಅರ್ಥ ಮಾಡಿಸುವುದು ಹೇಗೆ, ಈ ಎರಡಕ್ಕೆ ಸಲಹೆ ಬೇಕು.

ಪಿಜೆ_ಬಡಾವಣೆ

ಒಳ್ಳೆ ಕೆಲಸ ಸರ್. ಒಂದು ಪ್ರಶ್ನೆ. ಕೈ ಇಲ್ಲ ಅಂದಮೇಲೆ ಟ್ರೇ ಮೇಲೆ ಚೊಂಬು ಇಡುವವರು ಯಾರು? ಅಮ್ಮನೇ ಎದ್ದು ಅಡುಗೆಮನೆಗೆ ಹೋಗಬೇಕು ಅಲ್ವಾ? ಹಾಗಾದರೆ ಉಪಯೋಗ ಏನು?

ವಾರ್ಡ್_ಸಿಸ್ಟರ್

ಇದಕ್ಕೆ ನಾನು ಉತ್ತರ ಕೊಡುತ್ತೇನೆ. ಮೂಳೆ ವಾರ್ಡಿನಲ್ಲಿ ಕೆಲಸ ಮಾಡುತ್ತೇನೆ. ಸೊಂಟ ಮುರಿದುಕೊಂಡು ಬರುವ ಅಜ್ಜಿಯಂದಿರನ್ನು ಹೇಗೆ ಬಿದ್ದಿರಿ ಅಂತ ಕೇಳುತ್ತೇನೆ. ಎಷ್ಟೋ ಜನ ಹೇಳುವುದು ಒಂದೇ. ಕೈಯಲ್ಲಿ ಏನೋ ಹಿಡಿದಿದ್ದೆ, ಗೋಡೆ ಹಿಡಿಯಲು ಆಗಲಿಲ್ಲ. ಬಿಸಿ ಹಾಲಿನ ಪಾತ್ರೆ, ಒದ್ದೆ ಬಟ್ಟೆ ಬಕೆಟ್, ಊಟದ ತಟ್ಟೆ.

ಅಮ್ಮ ನಡೆಯಲಿ. ನಡೆಯುವುದು ನಿಂತರೆ ಮಂಡಿ ಇನ್ನೂ ಬಿಗಿಯುತ್ತದೆ. ಆದರೆ ಎರಡೂ ಕೈ ಖಾಲಿ ಇರಲಿ, ಸಾಮಾನನ್ನು ರೋಬೋಟ್ ಹೊರಲಿ. ಇಷ್ಟು ಮಾಡಿದರೂ ಅದು ದೊಡ್ಡ ಉಪಕಾರ. ಕೈ ಇಲ್ಲ ಅಂತ ಬೇಜಾರು ಬೇಡ.

ವಿದ್ಯಾನಗರದವ

ಸಿಸ್ಟರ್, ಇದನ್ನು ನಾನು ಇಷ್ಟು ಸ್ಪಷ್ಟವಾಗಿ ಯೋಚಿಸಿರಲಿಲ್ಲ. ತುಂಬಾ ಥ್ಯಾಂಕ್ಸ್. ಹಾಗಾದರೆ "ಹೋಗಿ ತಗೊಂಡು ಬಾ" ಅನ್ನುವುದಕ್ಕಿಂತ "ಜೊತೆಗೆ ಬಾ" ಅನ್ನುವುದೇ ಮೊದಲ ಕೆಲಸ ಆಗಬೇಕು. ಅಮ್ಮನ ಹಿಂದೆ ಒಂದು ಮೀಟರ್ ಬಿಟ್ಟು, ಅವರ ನಡಿಗೆಯ ವೇಗಕ್ಕೆ. ಅವರು ನಿಂತರೆ ಇದೂ ನಿಲ್ಲಬೇಕು.

ಹರಿಹರದ_ಟರ್ನರ್

ಹೊಸ್ತಿಲಿನ ವಿಷಯ ನಾನು ಹೇಳ್ತೀನಿ. ಎತ್ತರ ಎಷ್ಟಿದೆ? ಮರದ್ದಾ, ಕಲ್ಲಿನದ್ದಾ? ನಿಮ್ಮ ಗಾಲಿಯ ವ್ಯಾಸ ಎಷ್ಟು? ಒಟ್ಟು ತೂಕ?

ವಿದ್ಯಾನಗರದವ

ಮರದ ಹೊಸ್ತಿಲು ಸರ್, 4 ಸೆಂಟಿಮೀಟರ್. ಗಾಲಿ 10 ಸೆಂಟಿಮೀಟರ್. ತುಂಬಿದ ಚೊಂಬು ಇಟ್ಟರೆ ಒಟ್ಟು 12 ಕಿಲೋ ಆಗುತ್ತದೆ. ಇನ್ನೊಂದು ಮಾತು. ಅಮ್ಮ ದಿನಾ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚುತ್ತಾರೆ. ಅದರ ಮೇಲೆ ಗಾಲಿ ಹತ್ತಿಸಿದರೆ ಅವರಿಗೆ ನೋವಾಗುತ್ತದೆ.

ಹರಿಹರದ_ಟರ್ನರ್

ಹತ್ತಿಸೋದೇ ಬೇಡ. 5 ಸೆಂಟಿಮೀಟರ್ ತ್ರಿಜ್ಯದ ಗಾಲಿಗೆ 4 ಸೆಂಟಿಮೀಟರ್ ಮೆಟ್ಟಿಲು ಅಂದ್ರೆ ಗೋಡೆ ಇದ್ದಂಗೆ. ಅದಕ್ಕೂ ಮೊದಲು ಕ್ಯಾಸ್ಟರ್ ಸಿಕ್ಕಿಕೊಳ್ಳುತ್ತೆ. ಹೊಸ್ತಿಲಿಗೆ ತಾಗದ ಹಾಗೆ ಮೇಲೊಂದು ಸೇತುವೆ ಮಾಡಿ. ಎರಡೂ ಕಡೆ ಇಳಿಜಾರು, ಮಧ್ಯೆ ಒಂದು ಚಪ್ಪಟೆ ಹಲಗೆ, ಕೆಳಗೆ ಸಂದು. ಬೆಳಗ್ಗೆ ಅಮ್ಮ ಪೂಜೆ ಮಾಡುವಾಗ ಎತ್ತಿ ಪಕ್ಕಕ್ಕೆ ಇಡುವಷ್ಟು ಹಗುರ ಇರಬೇಕು. ಹನ್ನೆರಡು ಎಂಎಂ ಪ್ಲೈವುಡ್ ಸಾಕು, ಮೇಲೆ ರಬ್ಬರ್ ಮ್ಯಾಟ್ ಅಂಟಿಸಿ.

ಇಳಿಜಾರು 1ಕ್ಕೆ 12ರ ಲೆಕ್ಕ ಇಟ್ಟುಕೊಳ್ಳಿ. ಗಾಲಿಕುರ್ಚಿ ರ‍್ಯಾಂಪಿಗೆ ಬಳಸುವ ಲೆಕ್ಕ ಇದು. ಹೊಸ್ತಿಲು, ಸಂದು, ಹಲಗೆ ಎಲ್ಲ ಸೇರಿ 6 ಸೆಂಟಿಮೀಟರ್ ಎತ್ತರ ಅಂದರೆ ಒಂದೊಂದು ಕಡೆ 72 ಸೆಂಟಿಮೀಟರ್ ಉದ್ದ. ಜಾಗ ಇದೆಯಾ ನೋಡಿ. ಅಮ್ಮ ಅದರ ಮೇಲೆ ಕಾಲಿಟ್ಟು ಜಾರಬಾರದು. ಅದಕ್ಕೇ ಬಾಗಿಲ ಅರ್ಧ ಅಗಲಕ್ಕೆ ಮಾತ್ರ ಮಾಡಿ, ಅಂಚಿಗೆ ಹಳದಿ ಬಣ್ಣ ಹೊಡೀರಿ.

ಲ್ಯಾಬ್_ಮೇಷ್ಟ್ರು

ಈ ಲೆಕ್ಕದ ಮೇಲೆ ಮೋಟಾರ್ ಸಾಕಾಗುತ್ತದಾ ನೋಡೋಣ. 12 ಕಿಲೋ ಅಂದರೆ ಸುಮಾರು 118 ನ್ಯೂಟನ್ ಭಾರ. 1ಕ್ಕೆ 12ರ ಇಳಿಜಾರಿನಲ್ಲಿ ಕೆಳಕ್ಕೆ ಎಳೆಯುವ ಬಲ ಅದರ ಹನ್ನೆರಡನೇ ಒಂದು ಭಾಗ, ಸುಮಾರು 10 ನ್ಯೂಟನ್. ಗಾಲಿಯ ತ್ರಿಜ್ಯ 5 ಸೆಂಟಿಮೀಟರ್. ಹಾಗಾಗಿ ಒಟ್ಟು ಟಾರ್ಕ್, ಅಂದರೆ ಗಾಲಿ ತಿರುಗಿಸುವ ಬಲ, ಅರ್ಧ ನ್ಯೂಟನ್ ಮೀಟರ್. ಎರಡು ಮೋಟಾರಿಗೆ ಹಂಚಿದರೆ ಒಂದಕ್ಕೆ ಕಾಲು ನ್ಯೂಟನ್ ಮೀಟರ್, ಅಂಗಡಿಯವರ ಲೆಕ್ಕದಲ್ಲಿ ಸುಮಾರು 2.5 ಕಿಲೋ ಸೆಂಟಿಮೀಟರ್. ಘರ್ಷಣೆ, ನಿಂತಲ್ಲಿಂದ ಹೊರಡುವುದು, ಬ್ಯಾಟರಿ ಇಳಿದಾಗಿನ ಸುಸ್ತು ಎಲ್ಲ ಸೇರಿಸಿ ಮೂರು ಪಟ್ಟು ಇಡಿ. 7ರಿಂದ 8 ಕಿಲೋ ಸೆಂಟಿಮೀಟರ್ ಸತತವಾಗಿ ಕೊಡುವ ಮೋಟಾರ್ ಬೇಕು. ಅಂಗಡಿಯಲ್ಲಿ ಹೇಳುವ ಸ್ಟಾಲ್ ಟಾರ್ಕ್ ನೋಡಿ ಕೊಳ್ಳಬೇಡಿ. ಅದು ಮೋಟಾರ್ ತಿರುಗದೆ ನಿಂತಾಗಿನ ಅಂಕಿ.

ಮೋಟಾರಿಗೆ ಕರೆಂಟ್ ಕೊಡುವ ಡ್ರೈವರ್ ಬೋರ್ಡ್ ಯಾವುದು? ಎಲ್298ಎನ್ ಆಗಿದ್ದರೆ ಬದಲಾಯಿಸಿ. ಹಳೇ ಕಾಲದ ಚಿಪ್, ಸುಮಾರು 2 ವೋಲ್ಟ್ ಅದರೊಳಗೇ ಬಿಸಿಯಾಗಿ ಹೋಗುತ್ತದೆ. ಮಾಸ್ಫೆಟ್ ಅನ್ನುವ, ಕಡಿಮೆ ಬಿಸಿಯಾಗುವ ಸ್ವಿಚ್ ಇರುವ ಡ್ರೈವರ್ ಹಾಕಿ.

ಬ್ಯಾಟರಿ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ತಗೊಳ್ಳಿ, ನಾಲ್ಕು ಸೆಲ್, 12.8 ವೋಲ್ಟ್. ಸ್ವಲ್ಪ ಭಾರ ಜಾಸ್ತಿ. ಆದರೆ ಮಾಮೂಲಿ ಲಿಥಿಯಂ ಅಯಾನ್‌ಗಿಂತ ಬೆಂಕಿಯ ಭಯ ಎಷ್ಟೋ ಕಡಿಮೆ. ಒಬ್ಬರೇ ಇರುವ ಮನೆಯಲ್ಲಿ ರಾತ್ರಿ ಚಾರ್ಜ್ ಆಗುವ ವಸ್ತು ಇದು, ಇಲ್ಲಿ ದುಡ್ಡು ಉಳಿಸಬೇಡಿ. ಅದನ್ನು ತಳದಲ್ಲೇ ಕೂರಿಸಿ. ಮೇಲೆ ನೀರು ತುಂಬಿದ ಚೊಂಬು, ಕೆಳಗೆ ಭಾರ ಇಲ್ಲ ಅಂದರೆ ಬ್ರೇಕ್ ಹಾಕಿದ ತಕ್ಷಣ ಮುಗ್ಗರಿಸುತ್ತದೆ.

ಪೈ 5ಕ್ಕೆ 5 ವೋಲ್ಟ್, 5 ಆಂಪ್ ಬೇಕು. ಅದಕ್ಕೆ ಬೇರೆಯೇ ಕನ್ವರ್ಟರ್ ಕೊಡಿ. ಮೋಟಾರ್ ಹೊರಟಾಗ ವೋಲ್ಟೇಜ್ ಕುಸಿದು ಪೈ ರೀಸ್ಟಾರ್ಟ್ ಆಗುವುದನ್ನು ವಿದ್ಯಾರ್ಥಿಗಳ ಪ್ರಾಜೆಕ್ಟಿನಲ್ಲಿ ಪ್ರತಿ ವರ್ಷ ನೋಡುತ್ತೇನೆ. ಮೆಮೊರಿ ಕಾರ್ಡ್ ಬದಲು ಎಸ್‌ಎಸ್‌ಡಿ ಹಾಕಿ.

ಚಳ್ಳಕೆರೆ_ಬಯಲು

ಓದುತ್ತಾ ಒಂದು ಯೋಚನೆ ಬಂತು. ನಮ್ಮ ಚಳ್ಳಕೆರೆ ಹತ್ತಿರದ ಪರೀಕ್ಷಾ ವಲಯದಲ್ಲಿ 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯ ವಾಹನವನ್ನು ಹೆಲಿಕಾಪ್ಟರ್‌ನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟರು. ಅದು ತಾನೇ ದಾರಿ ಹಿಡಿದು ರನ್‌ವೇ ಮೇಲೆ ಇಳಿಯಿತು. ಒಳಗೆ ಯಾರೂ ಇರಲಿಲ್ಲ. ಅಂಥದ್ದು ಆಗುತ್ತದೆ, ಚೊಂಬು ಹೊತ್ತು ಅಡುಗೆಮನೆಯಿಂದ ಬರುವುದು ಕಷ್ಟ ಅಂದರೆ ಹೇಗೆ?

ಲ್ಯಾಬ್_ಮೇಷ್ಟ್ರು

ಒಳ್ಳೆ ಪ್ರಶ್ನೆ. ರನ್‌ವೇ ಎಲ್ಲಿದೆ, ಎಷ್ಟು ಉದ್ದ ಅಂತ ಮೊದಲೇ ಗೊತ್ತು. ಅದರ ಮೇಲೆ ಯಾರೂ ಬರುವುದಿಲ್ಲ. ಗಾಳಿಯ ಹೊಡೆತಕ್ಕೂ ಲೆಕ್ಕ ಇದೆ. ಆ ಲೆಕ್ಕ ಬಹಳ ದೊಡ್ಡದು, ಅದನ್ನು ಮಾಡಿದವರಿಗೆ ಕೈ ಮುಗಿಯಬೇಕು. ಮನೆಯ ತೊಂದರೆ ಬೇರೆ ಥರ. ಬೆಳಗ್ಗೆ ಇದ್ದ ಮಣೆ ಮಧ್ಯಾಹ್ನ ಬೇರೆ ಕಡೆ. ಸಂಜೆ ಯಾರೋ ಬಂದು ಚಾಪೆ ಹಾಸಿದರು. ಮಂಡಕ್ಕಿ ಹಸನು ಮಾಡಲು ಮೊರ ಹಿಡಿದು ನೆಲಕ್ಕೆ ಕೂತರು. ಮನುಷ್ಯರಿಗೆ ಸುಲಭ ಅನ್ನಿಸುವುದೇ ಯಂತ್ರಕ್ಕೆ ಕಷ್ಟ ಅಂತ ಹ್ಯಾನ್ಸ್ ಮೊರಾವೆಕ್ 1988ರಲ್ಲೇ ಬರೆದರು.

ಹಾಗಂತ ಶುರುವಿನಿಂದ ಮಾಡಬೇಕಾಗಿಲ್ಲ. 1966ರಿಂದ 1972ರವರೆಗೆ ಅಮೆರಿಕದಲ್ಲಿ ಶೇಕಿ ಅನ್ನುವ ರೋಬೋಟ್ ಮೇಲೆ ಕೆಲಸ ನಡೆಯಿತು. ಆ ಕೆಲಸದಿಂದಲೇ 1968ರಲ್ಲಿ ಎ-ಸ್ಟಾರ್ ಅನ್ನುವ ದಾರಿ ಹುಡುಕುವ ವಿಧಾನ ಬಂತು. ನೀವು ಹಾಕಿರುವ ನ್ಯಾವ್2 ಒಳಗೆ ಅದೇ ವಿಧಾನ ಇವತ್ತೂ ಇದೆ, ಬೇಕಾದವರು ಬಳಸಬಹುದು.

ವಿದ್ಯಾನಗರದವ

ಮಣೆ ಅಂದಿರಲ್ಲ ಸರ್, ಅದೇ ನನ್ನ ತಲೆನೋವು. ಲಿಡಾರ್ 20 ಸೆಂಟಿಮೀಟರ್ ಎತ್ತರದಲ್ಲಿದೆ. ಅದು ಆ ಒಂದು ಮಟ್ಟದಲ್ಲಿ ಮಾತ್ರ ನೋಡುತ್ತದೆ. ಮಣೆ, ಚಪ್ಪಲಿ, ನೆಲದ ಮೇಲೆ ಬಿಟ್ಟ ಈಳಿಗೆಮಣೆ ಯಾವುದೂ ಕಾಣುವುದಿಲ್ಲ. ಗಾಜಿನ ಬೀರುವೂ ಕೈಕೊಡುತ್ತದೆ. ಬೆಳಕು ಗಾಜಿನೊಳಗೆ ತೂರಿಹೋಗಿ, ಅಲ್ಲಿ ಖಾಲಿ ಜಾಗ ಇದೆ ಅಂತ ತೋರಿಸುತ್ತದೆ.

ಕ್ಯಾಮೆರಾ ಹಾಕಿ ವಸ್ತು ಗುರುತಿಸುವ ಯೋಲೋ ಮಾದರಿ ಓಡಿಸಿ ನೋಡಿದೆ. ಸಿದ್ಧವಾಗಿ ಸಿಗುವ ಮಾದರಿಗಳು ಕೋಕೋ ಅನ್ನುವ ಚಿತ್ರ ಸಂಗ್ರಹದ ಮೇಲೆ ಕಲಿತಿವೆ. ಅದರಲ್ಲಿ 80 ಬಗೆಯ ವಸ್ತುಗಳಿವೆ. ಹಿಮದ ಮೇಲೆ ಜಾರುವ ಹಲಗೆ ಇದೆ, ಬೇಸ್‌ಬಾಲ್ ಬ್ಯಾಟ್ ಇದೆ, ಸಮುದ್ರದ ಅಲೆ ಮೇಲೆ ಆಡುವ ಹಲಗೆ ಇದೆ. ಬಿಂದಿಗೆ, ಮೊರ, ಒರಳು, ಮಣೆ ಇಲ್ಲ. ನಮ್ಮ ಮನೆಗಳ ಚಿತ್ರಗಳನ್ನು ನಾವೇ ಸೇರಿಸಬೇಕು. ಇದು ಒಬ್ಬರ ಕೈಲಿ ಆಗುವ ಕೆಲಸ ಅಲ್ಲ. ನಾಲ್ಕಾರು ಮನೆಯವರು ಸೇರಿದರೆ ಆಗುತ್ತದೆ.

ವಾರ್ಡ್_ಸಿಸ್ಟರ್

ಕ್ಯಾಮೆರಾ ಅಂದಿರಿ. ಅಮ್ಮ ಒಪ್ಪಿದ್ದಾರಾ?

ಪಿಜೆ_ಬಡಾವಣೆ

ಕ್ಯಾಮೆರಾ ಇಲ್ಲದೆ ಬಿದ್ದರೆ ಗೊತ್ತಾಗೋದು ಹೇಗೆ? ನಾನಂತೂ ಅಪ್ಪನಿಗೆ ಮಾಡಿದರೆ ಕ್ಯಾಮೆರಾ ಹಾಕೇ ಹಾಕುತ್ತೇನೆ. ನಾನು ದುಬೈನಲ್ಲಿದ್ದೇನೆ, ಅವರನ್ನು ನೋಡಬೇಕು ಅನ್ನಿಸುತ್ತದೆ. ಇನ್ನೊಂದು ಮಾತು ಹೇಳ್ತೀನಿ, ಬೇಜಾರಾಗಬೇಡಿ. ನೀರು, ಮಾತ್ರೆ ಎಲ್ಲ ಸರಿ. ಒಬ್ಬರೇ ಇರುವವರಿಗೆ ಬೇಕಾದದ್ದು ಮಾತು. ಇವತ್ತಿನ ದೊಡ್ಡ ಭಾಷಾ ಮಾದರಿಗಳು (ಮನುಷ್ಯರಂತೆ ಮಾತಾಡುವ ಎಐ) ಕನ್ನಡದಲ್ಲಿ ಎಷ್ಟು ಚೆನ್ನಾಗಿ ಮಾತಾಡುತ್ತವೆ! ಕ್ಲೌಡ್‌ಗೆ, ಅಂದರೆ ಕಂಪನಿಯ ದೂರದ ಕಂಪ್ಯೂಟರಿಗೆ, ಜೋಡಿಸಿದರೆ ಪುರಾಣ ಹೇಳುತ್ತದೆ, ಪೇಪರ್ ಓದುತ್ತದೆ. ಆ ಸುಖವನ್ನು ನಿಮ್ಮ ಹಟಕ್ಕೆ ಯಾಕೆ ತಪ್ಪಿಸಬೇಕು?

ವಿದ್ಯಾನಗರದವ

ಬೇಜಾರಿಲ್ಲ, ನೀವು ಹೇಳುವುದರಲ್ಲಿ ತೂಕ ಇದೆ. ಅಮ್ಮನಿಗೆ ಮಾತು ಬೇಕು ಅನ್ನುವುದು ನನಗೂ ಗೊತ್ತು. ಆದರೆ ಮಾತು ಬೇರೆ, ಓಡಾಟ ಬೇರೆ ಇರಲಿ. ಮಾತಿಗೆ ಬೇಕಾದರೆ ಹಾಲ್‌ನಲ್ಲಿ ಒಂದು ಸ್ಪೀಕರ್ ಇಡೋಣ. ಅದು ಕ್ಲೌಡ್ ಬಳಸಲಿ, ನೆಟ್ ಹೋದರೆ ಸುಮ್ನೆ ಇರಲಿ. ಗಾಲಿ ತಿರುಗಿಸುವ, ಮಾತ್ರೆ ಹೊತ್ತು ಹೇಳುವ ಭಾಗಕ್ಕೆ ಮಾತ್ರ ಹೊರಗಿನ ದಾರಿ ಬೇಡ.

ಬುದ್ಧಿಯ ಭಾಗವನ್ನು ಹೀಗೆ ಹಂಚಿದ್ದೇನೆ. ಅಲ್ಮೇರಾದಲ್ಲಿ ಒಂದು ಹಳೇ ಲ್ಯಾಪ್‌ಟಾಪ್, ಅದರಲ್ಲಿ ಸಣ್ಣ ಭಾಷಾ ಮಾದರಿ. 200 ಕೋಟಿ ಪ್ಯಾರಾಮೀಟರಿನ ಸರ್ವಂ-1 ಥರದ್ದು ಕನ್ನಡವನ್ನೂ ಸೇರಿಸಿ ಹತ್ತು ಭಾರತೀಯ ಭಾಷೆ ಕಲಿತಿದೆ. ಗೂಗಲ್‌ನ ಸಣ್ಣ ಜೆಮ್ಮಾ ಕೂಡ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ. ಆ ಮಾದರಿಗೆ ಒಂದೇ ಕೆಲಸ. ಅಮ್ಮ ಹೇಳಿದ್ದು ನಾನು ಬರೆದಿಟ್ಟ ಕೆಲಸಗಳ ಪಟ್ಟಿಯಲ್ಲಿ ಯಾವುದು ಅಂತ ಆರಿಸುವುದು. ಪಟ್ಟಿಯಲ್ಲಿ ಇಲ್ಲದ್ದನ್ನು ಹೇಳಿದರೆ ಪ್ರೋಗ್ರಾಂ ಅದನ್ನು ಒಪ್ಪುವುದಿಲ್ಲ, "ಇನ್ನೊಮ್ಮೆ ಹೇಳಿ" ಅನ್ನುತ್ತದೆ. ಮೋಟಾರ್‌ಗೂ ಭಾಷಾ ಮಾದರಿಗೂ ನೇರ ಸಂಬಂಧ ಇಲ್ಲ. ಮುಂದಿನ ಬಂಪರ್ ಸ್ವಿಚ್ ಒತ್ತಿದರೆ ಡ್ರೈವರ್ ನೇರವಾಗಿ ನಿಲ್ಲುತ್ತದೆ, ಯಾವ ಸಾಫ್ಟ್‌ವೇರಿನ ಅಪ್ಪಣೆಯೂ ಬೇಡ.

ಕ್ಯಾಮೆರಾ ಬಗ್ಗೆ ಅಮ್ಮನನ್ನು ಕೇಳಿದೆ. "ನಾನು ಹೆಂಗಿದ್ರೂ ಅದು ನೋಡ್ತಿರ್ತದಾ?" ಅಂದರು. ಬೇಡ ಅಂದರು. ಅದು ಅವರ ಮನೆ. 2025ರ ಅಕ್ಟೋಬರ್‌ನಲ್ಲಿ ನಿಯೋ ಅನ್ನುವ ಮನುಷ್ಯರಂಥ ರೋಬೋಟ್‌ಗೆ ಬುಕಿಂಗ್ ಶುರುವಾಯಿತು, 20,000 ಡಾಲರ್. ಅದಕ್ಕೆ ಬರದ ಕೆಲಸ ಇದ್ದರೆ, ಮನೆಯವರು ಒಪ್ಪಿದ ಹೊತ್ತಿನಲ್ಲಿ ಕಂಪನಿಯ ಕೆಲಸಗಾರರು ಅದರ ಕಣ್ಣಿನಿಂದ ನೋಡಿ ದೂರದಿಂದಲೇ ನಡೆಸುತ್ತಾರೆ. ಬಹಳ ಜನರಿಗೆ ಅದು ಸರಿ ಅನ್ನಿಸಬಹುದು. ಸೀರೆ ಸೆರಗು ಸಡಿಲ ಬಿಟ್ಟು ಕೂರುವ ನಮ್ಮಮ್ಮನಿಗೆ ಸರಿ ಅನ್ನಿಸುವುದಿಲ್ಲ.

ಲ್ಯಾಬ್_ಮೇಷ್ಟ್ರು

ಹಾಗಾದರೆ ನೆಲದ ವಸ್ತುಗಳಿಗೆ ವಿಎಲ್53ಎಲ್1ಎಕ್ಸ್ ಅನ್ನುವ ಚಿಕ್ಕ ದೂರಮಾಪಕಗಳನ್ನು ಮುಂದೆ ಓರೆಯಾಗಿ ಕೆಳಗೆ ನೋಡುವಂತೆ ಹಾಕಿ. ಚಿತ್ರ ಇಲ್ಲ, ದೂರ ಮಾತ್ರ. ಮಣೆಯೂ ಸಿಗುತ್ತದೆ, ಮೆಟ್ಟಿಲ ಅಂಚೂ ಸಿಗುತ್ತದೆ. ಬಿದ್ದದ್ದು ತಿಳಿಯಲು ಗೋಡೆಗೆ ಹಾಕುವ ಮಿಲಿಮೀಟರ್ ತರಂಗದ ರೇಡಾರ್ ಮಾಡ್ಯೂಲ್ ಇವೆ. ಅವೂ ಚಿತ್ರ ತೆಗೆಯುವುದಿಲ್ಲ.

ಗಾಜಿನ ಬೀರುವಿಗೆ ಲಿಡಾರ್ ಮಟ್ಟದಲ್ಲಿ ಒಂದು ಪಟ್ಟಿ ಸ್ಟಿಕ್ಕರ್ ಅಂಟಿಸಿ, ಮುಗಿಯಿತು. ದೇವರ ಮನೆ, ರಂಗೋಲಿ ಹಾಕುವ ಜಾಗ ಇವನ್ನು ನ್ಯಾವ್2ನಲ್ಲಿ ಹೋಗಬಾರದ ಜಾಗ ಅಂತ ನಕ್ಷೆಯ ಮೇಲೆ ಬಣ್ಣ ತುಂಬಿ ಗುರುತು ಮಾಡಬಹುದು. ಅದಕ್ಕೇ ಒಂದು ಫಿಲ್ಟರ್ ಇದೆ.

ವಾರ್ಡ್_ಸಿಸ್ಟರ್

ಮಾತ್ರೆ ಬಗ್ಗೆ ಒಂದೇ ಮಾತು, ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ಯಾವ ಮಾತ್ರೆ, ಎಷ್ಟು, ಮರೆತರೆ ಏನು ಮಾಡಬೇಕು ಅನ್ನುವುದಕ್ಕೆ ಭಾಷಾ ಮಾದರಿ ಉತ್ತರ ಕೊಡಲೇಬಾರದು. ಡಾಕ್ಟರ್ ಬರೆದದ್ದನ್ನು ನೀವು ಟೈಪ್ ಮಾಡಿ ಇಡಿ. ಗಡಿಯಾರ ನೋಡಿ ಆ ವಾಕ್ಯವನ್ನೇ ಅದು ಓದಲಿ. ಅಮ್ಮ ಮಾತ್ರೆ ತಗೊಂಡೆನಾ ಇಲ್ಲವಾ ಅಂತ ಮರೆತು ಎರಡನೇ ಸಲ ನುಂಗುವುದು ಬಿಪಿ, ಶುಗರ್ ಇರುವವರಲ್ಲಿ ಅಪಾಯ. ಡಬ್ಬಿಯ ಮುಚ್ಚಳ ತೆಗೆದದ್ದು ಗೊತ್ತಾಗುವ ಹಾಗೆ ಏನಾದರೂ ಮಾಡಿ. ತೆಗೆದಾಗಿದ್ದರೆ "ಈ ಹೊತ್ತಿನದು ಡಬ್ಬಿಯಿಂದ ತೆಗೆದಾಗಿದೆ" ಅಂತ ಹೇಳಲಿ.

ದುರ್ಗದ_ಹುಡುಗಿ

ತಡವಾಗಿ ಬಂದೆ. ಚಿತ್ರದುರ್ಗದಲ್ಲಿ ಇಂಜಿನಿಯರಿಂಗ್ ಕೊನೆ ವರ್ಷ ಓದುತ್ತಿದ್ದೇನೆ. ಮಾತು ಗುರುತಿಸುವುದರ ಮೇಲೆ ನನ್ನ ಪ್ರಾಜೆಕ್ಟ್. ಅಮ್ಮನ ಮಾತಿನ ಭಾಗಕ್ಕೆ ನನ್ನ ಅನಿಸಿಕೆ ಹೇಳುತ್ತೇನೆ.

ಎಲ್ಲರೂ ಮೊದಲು ಮಾತನ್ನು ಅಕ್ಷರಕ್ಕಿಳಿಸುವ ವಿಸ್ಪರ್ ಮಾದರಿ ಹಾಕಿ ನೋಡುತ್ತಾರೆ. 2022ರಲ್ಲಿ ಬಂತು, 6,80,000 ಗಂಟೆ ಆಡಿಯೋ ಕೇಳಿ ಕಲಿತಿದೆ. ಆದರೆ ಅದರಲ್ಲಿ ಮೂರನೇ ಎರಡು ಭಾಗದಷ್ಟು ಇಂಗ್ಲಿಷ್. ಉಳಿದದ್ದನ್ನು ಬೇರೆ 96 ಭಾಷೆಗಳು ಹಂಚಿಕೊಂಡಿವೆ. ನಮಗೆ ಐಐಟಿ ಮದ್ರಾಸಿನ ಎಐ4ಭಾರತ್ ತಂಡದ ಇಂಡಿಕ್ ಕನ್ಫಾರ್ಮರ್ ಮಾದರಿಗಳು ಒಳ್ಳೆಯವು. ಕನ್ನಡಕ್ಕೆ ಇದೆ, ಮನೆಯಲ್ಲೇ ಓಡಿಸಬಹುದು. ಬೆಂಗಳೂರಿನ ಐಐಎಸ್‌ಸಿಯವರ ರೆಸ್ಪಿನ್ ಯೋಜನೆ ಒಂಬತ್ತು ಭಾಷೆಗಳ ಆಡುನುಡಿಗಳನ್ನು ಸಂಗ್ರಹಿಸಿದೆ. ಅದರಲ್ಲಿ ಕನ್ನಡವೂ ಸೇರಿದೆ.

ಆದರೂ ದಾವಣಗೆರೆ ಕಡೆಯ ಅಮ್ಮಂದಿರು "ನೀರು ತೆಗೆದುಕೊಂಡು ಬಾ" ಅಂತ ಹೇಳುವುದಿಲ್ಲ. "ನೀರ್ ತಗಂಬಾ" ಅಂತಾರೆ. "ಇತ್ಲಾಗ್ ಬಾ" ಅಂತಾರೆ. ಹಲ್ಲು ಬಿದ್ದಿದ್ದರೆ ಸಕಾರ ಜಾರುತ್ತದೆ. ಹಿಂದೆ ಕುಕ್ಕರ್ ಸೀಟಿ, ಟೀವಿ ಧಾರಾವಾಹಿ. ಹಾಗಾಗಿ ಎಲ್ಲ ಮಾತನ್ನೂ ಬರೆದುಕೊಳ್ಳುವ ಮಾದರಿಯ ಜೊತೆಗೆ, ಅಮ್ಮನ ದಿನನಿತ್ಯದ ಇಪ್ಪತ್ತು ಮೂವತ್ತು ಮಾತುಗಳನ್ನು ಮಾತ್ರ ಗುರುತಿಸುವ ಇನ್ನೊಂದು ಪುಟ್ಟ ಮಾದರಿ ಇಡಿ. ಅದು ಪೈ ಮೇಲೇ ಓಡುತ್ತದೆ.

ಇನ್ನೊಂದು ಮುಖ್ಯ ವಿಷಯ. ಎಲ್ಲ ಮಾತಿಗೂ ಒಂದೇ ಮಟ್ಟದ ಖಾತ್ರಿ ಇಡಬೇಡಿ. "ನಿಲ್ಲು", "ನಿಂದ್ರು" ಇವಕ್ಕೆ ರೋಬೋಟಿನ ಹೆಸರು ಹಿಡಿದು ಕರೆಯುವುದೂ ಬೇಡ. ಅರ್ಧಂಬರ್ಧ ಕೇಳಿದರೂ ನಿಂತುಬಿಡಲಿ. ಟೀವಿಯಲ್ಲಿ ಯಾರೋ "ನಿಲ್ಲು" ಅಂದಾಗ ನಿಂತರೆ ನಷ್ಟ ಏನೂ ಇಲ್ಲ. "ಬಾ", "ಹೋಗು" ಇವಕ್ಕೆ ಮಾತ್ರ ಹೆಸರು ಹಿಡಿದು ಕರೆದಿರಬೇಕು, ಖಾತ್ರಿಯೂ ಜಾಸ್ತಿ ಇರಬೇಕು. ಚೊಂಬು ಇಟ್ಟುಕೊಂಡು ಟೀವಿ ಮಾತು ಕೇಳಿ ಹೊರಟರೆ ಅಮ್ಮನ ಕಾಲಿಗೆ ಬರುತ್ತದೆ.

ವಿದ್ಯಾನಗರದವ

ಇದನ್ನು ಇವತ್ತೇ ಹಾಕುತ್ತೇನೆ. ಎಷ್ಟು ಸರಳ, ಎಷ್ಟು ಸರಿ! ಧ್ವನಿ ಎಷ್ಟು ಬೇಕು ಹೇಳು ತಂಗಿ, ಅಮ್ಮನ ಹತ್ತಿರ ಮಾತಾಡಿ ರೆಕಾರ್ಡ್ ಮಾಡಿ ಕಳಿಸುತ್ತೇನೆ.

ದುರ್ಗದ_ಹುಡುಗಿ

ಒಬ್ಬರದ್ದೇ ಸಾಲದು ಅಣ್ಣ. 60 ದಾಟಿದ ಬೇರೆ ಬೇರೆ ಜನರದ್ದು ಬೇಕು. ದಾವಣಗೆರೆ, ಹರಿಹರ, ಹೊಳಲ್ಕೆರೆ, ಚಳ್ಳಕೆರೆ ಎಲ್ಲ ಕಡೆಯಿಂದ. ಫೋನಿನಲ್ಲೇ ಮಾಡಬಹುದು. ಫೋನನ್ನು ಬಾಯಿ ಹತ್ತಿರ ಹಿಡಿಯಬೇಡಿ, ಎರಡು ಮೂರು ಮೀಟರ್ ದೂರದಲ್ಲಿ ನೆಲದ ಮೇಲೋ ಸ್ಟೂಲ್ ಮೇಲೋ ಇಡಿ, ರೋಬೋಟ್ ಇರುವ ಕಡೆ. ಅರ್ಧ ಫ್ಯಾನ್ ಹಾಕಿಕೊಂಡು, ಅರ್ಧ ಆರಿಸಿ. ನಾನು ಬರೆದುಕೊಟ್ಟ ವಾಕ್ಯ ಓದಿಸಬೇಡಿ. "ಕುಡಿಯಕ್ಕೆ ಬೇಕು ಅಂದ್ರೆ ಹೆಂಗೆ ಹೇಳ್ತೀರಿ?" ಅಂತ ಕೇಳಿ, ಅವರಾಗಿಯೇ ಹೇಳಲಿ. ಹೆಸರು, ವಿಳಾಸ ಬೇಡ. ಯಾವುದಕ್ಕೆ ಬಳಸುತ್ತೇವೆ ಅಂತ ಮೊದಲೇ ತಿಳಿಸಿ, ಒಪ್ಪಿದರೆ ಮಾತ್ರ.

ಹರಿಹರದ_ಟರ್ನರ್

ನಮ್ಮ ಅತ್ತೆ ಒಪ್ಪಿದರು. ಭಾನುವಾರ ರೆಕಾರ್ಡ್ ಮಾಡ್ತೀನಿ. ವಿದ್ಯಾನಗರದ ಸರ್, ಬಾಗಿಲ ಅಗಲ, ಹೊಸ್ತಿಲ ದಪ್ಪ ಅಳೆದು ಹಾಕಿ. ಸೇತುವೆ ನಾನೇ ಮಾಡಿ ತಂದು ಕೂರಿಸ್ತೀನಿ, ಅಂಚು ಗಾಲಿಗೆ ತಾಗದಂಗೆ ಚೇಂಫರ್ ಹೊಡೀಬೇಕು, ಅಂದ್ರೆ ಓರೆಯಾಗಿ ಕೊಯ್ಬೇಕು, ಅದನ್ನ ಜಾಗದಲ್ಲೇ ನೋಡಿ ಮಾಡಬೇಕು.

ಪಿಜೆ_ಬಡಾವಣೆ

ಕ್ಯಾಮೆರಾ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಅಪ್ಪನನ್ನು ಮೊದಲು ಕೇಳುತ್ತೇನೆ. ಧ್ವನಿ ಕೊಡಿಸುವುದು ನನ್ನ ಜವಾಬ್ದಾರಿ. ಅವರಿಗೆ ಕಿವಿ ಮಂದ, ಜೋರಾಗಿ ಮಾತಾಡುತ್ತಾರೆ. ಪರವಾಗಿಲ್ವಾ?

ದುರ್ಗದ_ಹುಡುಗಿ

ಅಂಥದ್ದೇ ಬೇಕು ಸರ್. ಜೋರಾಗಿ ಮಾತಾಡಿದಾಗ ಮೈಕ್‌ನಲ್ಲಿ ಧ್ವನಿ ಒಡೆಯುತ್ತದೆ, ಮಾದರಿ ಅದನ್ನೂ ಕಲಿಯಬೇಕು. ರೆಕಾರ್ಡಿಂಗ್ 16 ಕಿಲೋಹರ್ಟ್ಸ್, ವೇವ್ ಫೈಲ್ ಇರಲಿ. ವಾಟ್ಸಾಪ್ ವಾಯ್ಸ್ ಮೆಸೇಜ್ ಕಳಿಸಬೇಡಿ, ಅದು ಧ್ವನಿಯನ್ನು ಹಿಂಡಿಬಿಡುತ್ತದೆ.